ಬಾಗಿಲ ಬಳಿ ಎರಡು ಇಂಚು

ಅವ್ವನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಾಗ ನನಗೆ ಮೂವತ್ತಾರು ವರ್ಷ. ಸಕ್ಕರೆ ಕಾಯಿಲೆ. ಹೆಬ್ಬೆರಳಲ್ಲಿ ಶುರುವಾದ ಗಾಯ ಪಾದಕ್ಕೆ ಬಂತು, ಪಾದದಿಂದ ಮೇಲಕ್ಕೆ ಹತ್ತಿತು. ಅವಳು ಮೂವತ್ತು ವರ್ಷ ಹೆರಿಗೆ ನರ್ಸಾಗಿದ್ದವಳು. ಉಮ್ಮತ್ತೂರಿನಲ್ಲಿ, ಹರದನಹಳ್ಳಿಯಲ್ಲಿ, ಬಸ್ಸಿಲ್ಲದ ಎಷ್ಟೋ ಹಳ್ಳಿಗಳಲ್ಲಿ ನಡೆದುಕೊಂಡೇ ಹೋಗಿ ಹೆರಿಗೆ ಮಾಡಿಸಿದ್ದಳು. ಗಾಯ ಕಪ್ಪಾದದ್ದು ಡಾಕ್ಟರಿಗಿಂತ ಮೊದಲು ಅವಳ ಕಣ್ಣಿಗೇ ಬಿದ್ದಿತ್ತು. "ಇದು ಉಳಿಯಾಕಿಲ್ಲ ಕಣಪ್ಪ, ತಗಿಸ್ಬುಡು" ಎಂದು ನನಗೆ ಧೈರ್ಯ ಹೇಳಿದವಳೂ ಅವಳೇ.

ಆಗ ನಾನು ಗುಂಡ್ಲುಪೇಟೆಯ ಒಂದು ಕಚೇರಿಯಲ್ಲಿ ಗುಮಾಸ್ತ. ಮದುವೆಯಾಗಿರಲಿಲ್ಲ. ಮನೆಯಲ್ಲಿ ನಾವಿಬ್ಬರೇ. ನನ್ನ ಹತ್ತಿರ ಒಂದು ಹಳೆಯ ಕಾರಿತ್ತು. ಊಟಿ ಕಡೆಯ ಟೀ ತೋಟದಲ್ಲಿ ಮ್ಯಾನೇಜರಾಗಿದ್ದವರೊಬ್ಬರು ಊರು ಬಿಟ್ಟು ಹೋಗುವಾಗ ನನಗೆ ಮಾರಿದ್ದು. ಎಂಜಿನ್ ಹಿಂದೆ, ಡಿಕ್ಕಿ ಮುಂದೆ. ಮೈಯೆಲ್ಲ ದುಂಡಗೆ. ಊರಿನವರು ಅದನ್ನು ಆಮೆ ಕಾರು ಎನ್ನುತ್ತಿದ್ದರು. ಅದಕ್ಕೆ ರೇಡಿಯೇಟರ್ ಇಲ್ಲ, ನೀರು ಹಾಕುವ ಕೆಲಸವಿಲ್ಲ, ಗಾಳಿಗೇ ತಣ್ಣಗಾಗುವ ಎಂಜಿನ್. ತಿಂಗಳಿಗೊಮ್ಮೆ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಹೋಗುತ್ತಿದ್ದೆ. ಏರಿನಲ್ಲಿ ಬೇರೆ ಕಾರುಗಳು ಬಾನೆಟ್ ಎತ್ತಿಕೊಂಡು ಹೊಗೆಯಾಡುತ್ತ ನಿಂತಿದ್ದರೆ ನನ್ನದು ಟಪಟಪ ಸದ್ದು ಮಾಡುತ್ತ ಮೇಲೆ ಹೋಗಿಬಿಡುತ್ತಿತ್ತು. ಅದರ ಒಂದು ಬೋಲ್ಟನ್ನೂ ನಾನು ಬದಲಾಯಿಸಿರಲಿಲ್ಲ. ಕಂಪನಿಯಿಂದ ಹೇಗೆ ಬಂದಿತ್ತೋ ಹಾಗೇ ಇದೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಳ್ಳುತ್ತಿದ್ದೆ.

ಕಾಲು ತೆಗೆದ ಮೇಲೆ ವಾರಕ್ಕೊಮ್ಮೆ ಡ್ರೆಸಿಂಗ್. ಅವ್ವನಿಗೆ ನಂಬಿಕೆಯಿದ್ದ ಡಾಕ್ಟರು ಚಾಮರಾಜನಗರದಲ್ಲಿದ್ದರು. ಬಸ್ಸು ಹತ್ತುವುದು ಆಗದ ಮಾತು. ಕಾರಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಆದರೆ ಅವಳಿಗೆ ಗಾಲಿ ಕುರ್ಚಿಯಿಂದ ಸೀಟಿಗೆ ತಾನಾಗಿ ಜರುಗಲು ಆಗುತ್ತಿರಲಿಲ್ಲ. ಕಾರಿನ ಸೀಟು ಕುರ್ಚಿಗಿಂತ ಎತ್ತರ. ಒಂದೇ ಕಾಲಿನ ಬಲಕ್ಕೆ ಅದು ನಿಲುಕುತ್ತಿರಲಿಲ್ಲ. ಹಾಗಾಗಿ ನಾನೇ ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸುತ್ತಿದ್ದೆ. ಎತ್ತುವಾಗೆಲ್ಲ ಅವಳು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದಳು. ಒಂದು ಸಾವಿರ ಹೆಂಗಸರನ್ನಾದರೂ ಎತ್ತಿ ಮಲಗಿಸಿ ಎಬ್ಬಿಸಿದ್ದವಳು, ತನ್ನನ್ನು ಇನ್ನೊಬ್ಬರು ಎತ್ತುವುದನ್ನು ಸಹಿಸಲಾರಳು.

ಒಂದು ದಿನ ಆಸ್ಪತ್ರೆಯ ಗೇಟಿನ ಮುಂದೆ ಅವಳನ್ನು ಇಳಿಸುವಾಗ ನನ್ನ ಚಪ್ಪಲಿ ಜಾರಿತು. ಇಬ್ಬರೂ ಬಿದ್ದೆವು. ಪೆಟ್ಟೇನೂ ಆಗಲಿಲ್ಲ. ಆದರೆ ಅವಳ ಸೀರೆ ಮೇಲಕ್ಕೆ ಸರಿದು, ಬಟ್ಟೆ ಸುತ್ತಿದ ಮೊಂಡು ಕಾಲು ಅಲ್ಲಿ ನಿಂತವರಿಗೆಲ್ಲ ಕಂಡಿತು. ಹಳೇ ಪರಿಚಯದ ಒಬ್ಬಾಕೆ ಓಡಿಬಂದು ಸೀರೆ ಎಳೆದು ಮುಚ್ಚಿದಳು. ಮನೆಗೆ ಬಂದಮೇಲೆ ಅವ್ವ ಹೇಳಿದಳು: "ಇನ್ಮೇಲೆ ನಾನು ಎಲ್ಲೂ ಬರಾಕಿಲ್ಲ. ಡ್ರೆಸಿಂಗ್ ನಾನೇ ಮಾಡ್ಕತೀನಿ."

ಕಾರಿನ ಬ್ರೇಕು, ಗ್ರೀಸು ನೋಡುತ್ತಿದ್ದವರು ಚಾಮರಾಜನಗರದ ಒಬ್ಬ ಸಾಬರು. ವೆಲ್ಡಿಂಗ್ ಕೆಲಸದಲ್ಲಿ ಹೆಸರಾದವರು, ಕಡಿಮೆ ಮಾತಿನವರು. ಸೀಟಿನ ಕೆಳಗಿನ ಸ್ಪ್ರಿಂಗ್ ತೆಗೆದು ತಗ್ಗು ಮಾಡಬಹುದೇ ಎಂದು ಅವರನ್ನು ಕೇಳಿದೆ. ಅವರು ಟೇಪು ತಂದು ನೆಲದಿಂದ ಬಾಗಿಲ ಹೊಸ್ತಿಲಿಗೆ, ಹೊಸ್ತಿಲಿನಿಂದ ಸೀಟಿಗೆ ಅಳೆದರು.

"ಸೀಟ್ ಇಳಿಸಿದ್ರೆ ಅಮ್ಮಾವ್ರು ಗುಂಡಿಯೊಳಗೆ ಕೂತಂಗೆ ಆಯ್ತದೆ ಸಾರ್. ಏಳಕ್ಕೇ ಆಗಲ್ಲ. ಇಳೀಬೇಕಾಗಿರೋದು ಗಾಡಿ. ಮುಂದೆ ಮೂರೂವರೆ ಇಂಚು ಇಳಿಸಿದ್ರೆ ಬಾಗಿಲ ಹತ್ರ ಎರಡು ಇಂಚು ಸಿಗ್ತದೆ."

"ಹೇಗೆ ಇಳಿಸ್ತೀರಿ?"

"ಮುಂದಿನ ಚಕ್ರದ ಆಕ್ಸಲ್ ಕೊಯ್ಬೇಕು."

ನಾನು ಬೇಡ ಎಂದೆ. ಇದನ್ನು ಮರೆಮಾಚದೆ ಬರೆಯಬೇಕು. ಒಮ್ಮೆ ಕೊಯ್ದರೆ ಕಾರು ಮೊದಲಿನದಾಗಿ ಉಳಿಯುವುದಿಲ್ಲ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ಬೇರೆ ಏನಾದರೂ ದಾರಿ ಇದ್ದೀತು, ನೋಡೋಣ ಎಂದು ಎರಡು ತಿಂಗಳು ಸುಮ್ಮನಿದ್ದೆ. ಅವ್ವ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ತಾನೇ ಗಾಯದ ಬಟ್ಟೆ ಬದಲಾಯಿಸಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಕಾಫಿ ಕೊಡಲು ಹೋದಾಗ ನನಗೆ ವಾಸನೆ ಬಡಿಯಿತು. ಹೊಲಿಗೆಯ ಒಂದು ಮೂಲೆ ಬಿಟ್ಟುಕೊಂಡು ಕೀವಾಗಿತ್ತು.

"ಯಾಕವ್ವ ಹೇಳಲಿಲ್ಲ?"

"ಹೇಳುದ್ರೆ ಮತ್ತೆ ಎತ್ತೀಯ" ಎಂದಳು.

ಅವತ್ತು ಡಾಕ್ಟರನ್ನು ಕೈಮುಗಿದು ಮನೆಗೇ ಕರೆತಂದೆ. ಮಾರನೆಯ ದಿನ ಕಾರನ್ನು ಸಾಬರ ಶೆಡ್ಡಿಗೆ ಒಯ್ದೆ.

ನಾಲ್ಕು ದಿನ ರಜೆ ಹಾಕಿ ಹಗಲೆಲ್ಲ ಅವರ ಜೊತೆಯಲ್ಲೇ ಇದ್ದು, ರಾತ್ರಿ ಬಸ್ಸಿನಲ್ಲಿ ಮನೆಗೆ ಬರುತ್ತಿದ್ದೆ. ಆ ಕಾರಿನಲ್ಲಿ ಪೆಟ್ರೋಲ್ ಟ್ಯಾಂಕು ಮುಂದಿನ ಆಕ್ಸಲಿನ ಮೇಲೆಯೇ ಇರುತ್ತದೆ. ಪೆಟ್ರೋಲ್ ಬಸಿದು, ಟ್ಯಾಂಕು ಬಿಚ್ಚಿ ಶೆಡ್ಡಿನಿಂದ ದೂರ ಇಡಿಸಿದರು. ಚಕ್ರ, ಬ್ರೇಕ್ ಡ್ರಮ್ಮು, ಸ್ಟಿಯರಿಂಗ್ ರಾಡು ಬಿಚ್ಚಿದ ಮೇಲೆ ಆಕ್ಸಲು ಪೂರ್ತಿಯಾಗಿ ಕೈಗೆ ಬಂತು. ಒಂದರ ಮೇಲೊಂದು ಎರಡು ಉಕ್ಕಿನ ಕೊಳವೆ. ಪ್ರತಿ ಕೊಳವೆಯೊಳಗೆ ಚಪ್ಪಟೆ ಸ್ಪ್ರಿಂಗ್ ಪಟ್ಟಿಗಳ ಒಂದು ಕಟ್ಟು. ಕಟ್ಟಿನ ನಡು ಕೊಳವೆಯ ನಡುವಿಗೆ ಬಿಗಿದಿರುತ್ತದೆ, ಎರಡು ತುದಿಗೆ ಚಕ್ರ ಹೊರುವ ತೋಳುಗಳು. ನಡುವಿನ ತುಂಡನ್ನು ಕೊಯ್ದು, ಚೂರು ತಿರುಗಿಸಿ ಮತ್ತೆ ಬೆಸೆದರೆ ತೋಳುಗಳು ಮೇಲೇಳುತ್ತವೆ, ಕಾರು ಕೆಳಗೆ ಕೂರುತ್ತದೆ. ಸಾಬರು ಪಟ್ಟಿಗಳನ್ನೆಲ್ಲ ಹೊರಗೆಳೆದು ಗೋಣಿಯ ಮೇಲೆ ಸಾಲಾಗಿ ಇಟ್ಟರು. "ಬಿಸಿ ತಾಗಿದ್ರೆ ಇವು ಸತ್ತೋಯ್ತವೆ ಸಾರ್" ಎಂದರು. ಆಮೇಲೆ ಕೊಳವೆಗಳ ಮೇಲೆ ಉಳಿಯಿಂದ ನೇರವಾಗಿ ಗೆರೆ ಎಳೆದರು. ಕೊಯ್ದ ಮೇಲೆ ಎಷ್ಟು ತಿರುಗಿದೆ ಎಂದು ತಿಳಿಯಲು ಆ ಗೆರೆಯೇ ಆಧಾರ. ಮೇಲಿನ ಕೊಳವೆ ಎಷ್ಟು ತಿರುಗಿತೋ ಕೆಳಗಿನದೂ ಅಷ್ಟೇ ತಿರುಗಬೇಕು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ತೋಳುಗಳು ಒಂದಕ್ಕೊಂದು ಜಗ್ಗಾಡುತ್ತವೆ.

ಬಿಸ್ಮಿಲ್ಲಾ ಎಂದು ಗರಗಸ ಇಟ್ಟರು. ಮೊದಲ ಹಲ್ಲು ಕಚ್ಚಿದಾಗ ನಾನು ಹೊರಗೆ ಹೋಗಿ ನಿಂತೆ. ನೋಡಲಾಗಲಿಲ್ಲ. ಅವ್ವನ ಕಾಲು ತೆಗೆಯುವ ದಿನ ಆಪರೇಷನ್ ಕೋಣೆಯ ಹೊರಗೆ ನಿಂತಾಗ ಆದ ಸಂಕಟಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಅನ್ನಿಸಿ ನನ್ನ ಮೇಲೇ ಅಸಹ್ಯವಾಯಿತು.

ಮೂರನೆಯ ದಿನ ಜೋಡಿಸಿ ಓಡಿಸಿದರೆ ಸ್ಟಿಯರಿಂಗ್ ಹಗುರವಾಗಿ, ಕಾರು ರಸ್ತೆಯಲ್ಲಿ ಅತ್ತಿತ್ತ ಅಲೆಯಿತು. ಸಾಬರು ಮತ್ತೆ ಬಿಚ್ಚಿ ಕೆಳಗಿನ ಕೊಳವೆಯ ಹಿಂದೆ ತೆಳು ತಗಡು ಕೊಟ್ಟು ಸರಿಮಾಡಿದರು. ಉದ್ದವಾಗಿದ್ದ ಶಾಕ್ ಅಬ್ಸಾರ್ಬರ್ ತೆಗೆದು ಗಿಡ್ಡದ್ದು ಹಾಕಿದರು. "ಅಮ್ಮಾವ್ರನ್ನ ಕೂರಿಸ್ಕೊಂಡು ಓಡಿಸೋ ಗಾಡಿ. ಪರವಾಗಿಲ್ಲ ಅಂತ ಬಿಡಕ್ಕಾಗಲ್ಲ" ಎಂದರು. ಕೆಲಸ ಮುಗಿದ ಮೇಲೆ ನನ್ನ ಜೊತೆ ಗುಂಡ್ಲುಪೇಟೆಗೇ ಬಂದರು. ಅವ್ವ ಹತ್ತುವುದನ್ನು ನೋಡದೆ ತಮಗೆ ಸಮಾಧಾನವಿಲ್ಲವಂತೆ.

ಮನೆಯ ಮುಂದೆ ಕಾರು ನಿಲ್ಲಿಸಿ ಎಡಬಾಗಿಲು ತೆಗೆದೆವು. ಅವ್ವನನ್ನು ಗಾಲಿ ಕುರ್ಚಿಯಲ್ಲಿ ಅದರ ಪಕ್ಕಕ್ಕೆ ತಂದೆ. ಅವಳು ಬಹಳ ಹೊತ್ತು ಸೀಟನ್ನೇ ನೋಡಿದಳು. ಆಮೇಲೆ, "ಇಬ್ರೂ ಆ ಕಡೆ ತಿರೀಕಳಿ" ಎಂದಳು.

ಸಾಬರು ತಕ್ಷಣ ಎದುರು ಮನೆಯ ಗೋಡೆಯ ಕಡೆ ತಿರುಗಿ ಕೈಕಟ್ಟಿ ನಿಂತರು. ನಾನೂ ತಿರುಗಿದೆ. ಕುರ್ಚಿ ಕಿರುಗುಟ್ಟಿತು. ಅವಳ ಉಸಿರು ಜೋರಾಯಿತು. ಏನೋ ಜಾರಿ, ಮತ್ತೆ ಕುರ್ಚಿಯೇ ಕಿರುಗುಟ್ಟಿತು. ಸಾಬರು ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡರು, ತಿರುಗಬೇಡಿ ಎನ್ನುವಂತೆ. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಸೀಟಿನ ಸ್ಪ್ರಿಂಗು ನರಳಿತು. ಕೊನೆಗೆ ಬಾಗಿಲು ಧಡ್ಡೆಂದು ಮುಚ್ಚಿಕೊಂಡಿತು.

"ಈಗ ನೋಡಿ" ಎಂದಳು ಒಳಗಿನಿಂದ. ಹಣೆಯೆಲ್ಲ ಬೆವರು. ಸೆರಗು ಸರಿಮಾಡಿಕೊಂಡು ನೇರ ಕೂತಿದ್ದಳು. ಸಾಬರು ಕಣ್ಣೊರೆಸಿಕೊಂಡರು. ನಾನು ಕುರ್ಚಿ ಮಡಿಚುವ ನೆಪದಲ್ಲಿ ಬಗ್ಗಿದೆ.

ಡ್ರೆಸಿಂಗ್ ಮತ್ತೆ ಶುರುವಾಯಿತು, ಗಾಯ ಮಾಗಿತು. ಒಂದು ಭಾನುವಾರ ಅವಳನ್ನು ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೊರಟೆ. ಮೂರನೆಯ ತಿರುವಿನಲ್ಲಿ ಕಾರಿನ ಹೊಟ್ಟೆ ಕಲ್ಲಿಗೆ ತಾಗಿ ಕರಕರ ಎಂದಿತು. ಹಿಂದಕ್ಕೆ ತಂದು ಬೇರೆ ಕಡೆಯಿಂದ ಹತ್ತಿಸಿದರೂ ಅಷ್ಟೇ. ಇಳಿದು ಬಗ್ಗಿ ನೋಡಿದೆ. ಇನ್ನು ಮುಂದಕ್ಕೆ ಆಗದು. ಮೇಲೆ ಮಂಜು ಇಳಿಯುತ್ತಿತ್ತು.

"ತಿರುಗ್ಸಪ್ಪ, ಇಲ್ಲಿಂದ್ಲೇ ಕೈ ಮುಗ್ದೆ" ಎಂದಳು.

ವಾಪಸ್ಸು ಹೊರಟೆವು. ಕಾಡು ದಾಟಿದ ಮೇಲೆ ಅವಳು ಕೇಳಿದಳು: "ನಿನ್ ಕಾರ ಕೆಡಿಸ್ಬುಟ್ಟೆ ಅಲ್ವಾ ನಾನು?"

"ಇಲ್ಲ ಕಣವ್ವ" ಎನ್ನಲು ನನಗೆ ಒಂದು ಗಳಿಗೆ ತಡವಾಯಿತು. ಆ ತಡ ಅವಳಿಗೆ ಗೊತ್ತಾಯಿತು. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಇಂದಿಗೂ ಆ ಗಳಿಗೆಯನ್ನು ನಾನು ಅಳಿಸಿಕೊಳ್ಳಲಾರೆ.

ಆಮೇಲಿನ ತಿಂಗಳುಗಳಲ್ಲಿ ಅವಳೇ ದಾರಿ ಹೇಳತೊಡಗಿದಳು. ಒಮ್ಮೆ ಉಮ್ಮತ್ತೂರು, ಒಮ್ಮೆ ಇನ್ನಾವುದೋ ಹಳ್ಳಿ. ಹರದನಹಳ್ಳಿಗೆ ಮಾತ್ರ ನಾಲ್ಕೈದು ಸಲ ಹೋದೆವು. ಅಲ್ಲಿ ಅವಳ ಜೊತೆ ಕೆಲಸ ಮಾಡಿದ್ದ ಸೂಲಗಿತ್ತಿ ಒಬ್ಬಳು ಹಾಸಿಗೆ ಹಿಡಿದಿದ್ದಳು. ಅವ್ವ ತಾನೇ ಕುರ್ಚಿಗೆ ಜರುಗಿ, ತಾನೇ ಗಾಲಿ ತಳ್ಳಿಕೊಂಡು ಆ ಮನೆಯ ಅಂಗಳ ದಾಟುತ್ತಿದ್ದಳು. "ನೀನು ಇಲ್ಲೇ ಇರು" ಎನ್ನುತ್ತಿದ್ದಳು. ಒಂದು ಗಂಟೆ, ಕೆಲವೊಮ್ಮೆ ಎರಡು ಗಂಟೆ ನಾನು ಕಾರಿನಲ್ಲಿ ಕಾಯುತ್ತಿದ್ದೆ. ಒಳಗಿಂದ ಇಬ್ಬರ ನಗು ಕೇಳಿಸುತ್ತಿತ್ತು. ಅವ್ವ ಹಾಗೆ ನಗುವುದನ್ನು ನಾನು ಮನೆಯಲ್ಲಿ ಕೇಳಿರಲಿಲ್ಲ. ಏನು ಮಾತಾಡಿದಿರಿ ಎಂದು ಕೇಳಿದರೆ, "ನಿನಗ್ಯಾಕೆ ಹೆಂಗುಸ್ರ ಮಾತು, ಓಗನ ನಡಿ" ಎನ್ನುತ್ತಿದ್ದಳು.

ಎರಡು ವರ್ಷ ತುಂಬುವ ಮೊದಲೇ ಅವಳ ಹೃದಯ ನಿಂತಿತು. ಮನೆಯಲ್ಲಿ, ಮಧ್ಯಾಹ್ನ ಊಟವಾದ ಮೇಲೆ, ನೋವಿಲ್ಲದೆ ಹೋದಳು. ಮಣ್ಣಿಗೆ ಸಾಬರು ಬಂದಿದ್ದರು. ಹರದನಹಳ್ಳಿಯಿಂದ ಆ ಸೂಲಗಿತ್ತಿಯ ಸೊಸೆ ಬಂದು, ಅತ್ತೆಗೆ ಸುದ್ದಿ ತಿಳಿಸಿಲ್ಲ ಎಂದಳು.

ತಿಥಿಯಾದ ಮೇಲೆ ಸಾಬರು ಕೇಳಿದರು: "ಕೊಯ್ದಿಲ್ದಿರೋ ಹಳೇ ಆಕ್ಸಲ್ ಎಲ್ಲಾದ್ರೂ ಸಿಕ್ಕಿದ್ರೆ ಗಾಡಿ ಮತ್ತೆ ಎತ್ತಿ ಕೊಡ್ಲಾ ಸಾರ್?"

ಬೇಡ ಎಂದೆ. ಇನ್ನೂ ಆರೇಳು ವರ್ಷ ಅದನ್ನು ಹಾಗೇ ಓಡಿಸಿದೆ, ಬಯಲು ರಸ್ತೆಗಳಲ್ಲಿ, ಹಳ್ಳಕೊಳ್ಳ ನೋಡಿಕೊಂಡು, ನಿಧಾನವಾಗಿ. ಬೆಟ್ಟಕ್ಕೆ ಹೋಗಬೇಕೆನಿಸಿದಾಗ ಬಸ್ಸಿನಲ್ಲಿ ಹೋದೆ.