ಮಲಗಿದ್ರೇನೇ ದಾರಿ ಬಿಡೋದು

ಕಳೆದ ವಾರ ಜೆ.ಪಿ. ನಗರದ ನಮ್ಮ ತರಬೇತಿ ಕೇಂದ್ರಕ್ಕೆ ಒಂದು ಹಳೆಯ ಆಂಬುಲೆನ್ಸ್ ವ್ಯಾನು ಬಂತು. ರಸ್ತೆಗೆ ಇಳಿಸಲು ಲಾಯಕ್ಕಿಲ್ಲ, ನಿಮ್ಮ ಹುಡುಗ ಹುಡುಗಿಯರ ಪ್ರಾಕ್ಟೀಸಿಗೆ ಇರಲಿ ಎಂದು ಯಾರೋ ಕೊಟ್ಟದ್ದು. ಹಿಂಬಾಗಿಲನ್ನು ಎಳೆದು ತೆಗೆದೆ. ಬಿಸಿಲಿಗೆ ಕಾದ ರೆಕ್ಸಿನ್ನು, ಫಿನಾಯಿಲು, ಅದರ ಮೇಲೆ ಡ್ಯಾಶ್‌ಬೋರ್ಡಿನ ದೇವರಿಗೆ ಹಚ್ಚಿದ ಊದುಬತ್ತಿ... ಮೂರರ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯಿತು. ಆ ವ್ಯಾನು ನಮ್ಮ ಬೀದಿಯ ಅಂಕಲ್ಲರದ್ದಲ್ಲ. ಬಂದ ಊರೇ ಬೇರೆ. ಆದರೆ ಮೂಗಿಗೆ ಅದೆಲ್ಲ ಎಲ್ಲಿ ಗೊತ್ತಾಗುತ್ತದೆ? ಚೆನ್ನಾಗಿ ತೊಳೆಯಿರಿ ಎಂದು ಹೇಳಿ ಒಳಗೆ ಹೋಗಿ ಕೂತೆ. ಸಿಟ್ಟು ಇನ್ನೂ ಆರಿರಲಿಲ್ಲ.

ಪದ್ಮನಾಭನಗರದ ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಆಂಬುಲೆನ್ಸ್ ಅಂಕಲ್ ಎನ್ನುತ್ತಿದ್ದರು. ಎರಡು ವ್ಯಾನಿನ ಧಣಿ. ಒಂದನ್ನು ತಾವೇ ಓಡಿಸುತ್ತಿದ್ದರು. ಯಾವಾಗಲೂ ಬಿಳಿ ಷರಟು, ಹಣೆಯಲ್ಲಿ ಕುಂಕುಮ, ಬಾಯಲ್ಲಿ ಏಲಕ್ಕಿ. ಆಸ್ಪತ್ರೆಯಿಂದ ಬಾಣಂತಿಯನ್ನು ಕರೆತರುವುದಕ್ಕೂ ಅದೇ ವ್ಯಾನು, ಗಣೇಶನನ್ನು ಕೆರೆಗೆ ಬಿಡುವುದಕ್ಕೂ ಅದೇ ವ್ಯಾನು, ನಾಮಕರಣದ ಮನೆಗೆ ಕುರ್ಚಿ ಸಾಗಿಸುವುದಕ್ಕೂ ಅದೇ. ಇಡೀ ಬೀದಿ ಅವರನ್ನು ಹೊಗಳುತ್ತಿತ್ತು. ಹೊಗಳುವವರು ಹೊಗಳಲಿ, ನನ್ನದೇನೂ ತಕರಾರಿಲ್ಲ. ನಾನು ಮಾತ್ರ ಬೈದೇ ಬರೆಯುತ್ತೇನೆ.

ಆಗಿನ ಆಂಬುಲೆನ್ಸ್ ಎಂದರೆ ಸೈರನ್ ಇದ್ದ ಬಾಡಿಗೆ ಗಾಡಿ, ಅಷ್ಟೆ. ಮುಂದೆ ಡ್ರೈವರು, ಪಕ್ಕದಲ್ಲಿ ಹೆಲ್ಪರು. ಹಿಂದೆ ರೋಗಿ ಮತ್ತು ಅಳುವ ಮನೆಯವರು. ರೋಗಿಯನ್ನು ನೋಡಿಕೊಳ್ಳುವುದು ಯಾರ ಕೆಲಸವೂ ಆಗಿರಲಿಲ್ಲ. ಎತ್ತಿ ಹಾಕು, ಬೇಗ ಓಡಿಸು, ಆಸ್ಪತ್ರೆಯ ಬಾಗಿಲಲ್ಲಿ ಇಳಿಸು. ಈ ವಿದ್ಯೆಯಲ್ಲಿ ಅಂಕಲ್ ಪಂಡಿತರು, ಅದನ್ನು ಒಪ್ಪುತ್ತೇನೆ. ಅವರದೇ ಒಂದು ಕಾನೂನೂ ಇತ್ತು: ರೋಗಿ ಮಲಗಿರಲೇಬೇಕು. ವ್ಯಾನಿನ ಗಾಜಿಗೆ ಹಚ್ಚಿದ್ದ ಬಿಳಿ ಕಾಗದವನ್ನು ಅರ್ಧಕ್ಕೆ ಕೆರೆದು ತೆಗೆದಿದ್ದರು, ಪಕ್ಕದ ಗಾಡಿಯವರಿಗೆ ಒಳಗಿನದು ಕಾಣಲಿ ಎಂದು. ಕೂತವರನ್ನು ಕಂಡರೆ ಜನ ಇವರು ಸುಮ್ಮನೆ ಸೈರನ್ ಹಾಕಿಕೊಂಡು ಮನೆಗೆ ಹೋಗುತ್ತಿದ್ದಾರೆ ಎಂದುಕೊಳ್ಳುತ್ತಾರೆ, ಮಲಗಿದವರನ್ನು ಕಂಡರೆ ಅವರ ಕರುಳು ಚುರುಕ್ ಎನ್ನುತ್ತದೆ, ಸ್ಕೂಟರನ್ನು ಫುಟ್‌ಪಾತಿಗಾದರೂ ಹತ್ತಿಸಿ ಜಾಗ ಬಿಡುತ್ತಾರೆ... ಇದು ಅವರ ಸಿದ್ಧಾಂತ. ಬೆಂಗಳೂರಿನ ಟ್ರಾಫಿಕ್ಕನ್ನು ಅರೆದು ಕುಡಿದವರು ಎಂದು ಬೀದಿಯವರೆಲ್ಲ ತಲೆದೂಗುತ್ತಿದ್ದರು.

ಅಮ್ಮ ಮನೆಯಲ್ಲೇ ಗಣಿತದ ಟ್ಯೂಷನ್ ಹೇಳುತ್ತಿದ್ದಳು. ಉಬ್ಬಸ ಅವಳಿಗೆ ಮೊದಲಿನಿಂದಲೂ ಇತ್ತು. ಬಂದಾಗ ಏನು ಮಾಡಬೇಕೆಂದು ಅವಳ ಮೈಗೇ ಗೊತ್ತಿತ್ತು. ಕುರ್ಚಿಯಲ್ಲಿ ಮುಂದಕ್ಕೆ ಬಾಗಿ, ಎರಡು ಕೈಯನ್ನೂ ಮೇಜಿಗೆ ಊರಿ, ಭುಜ ಎತ್ತಿ ಎತ್ತಿ ಉಸಿರೆಳೆಯುತ್ತಿದ್ದಳು. ಮಕ್ಕಳು ಲೆಕ್ಕ ಬಿಟ್ಟು ಅವಳನ್ನೇ ನೋಡುತ್ತಿದ್ದರೆ, ಬರೀರಿ ಎಂದು ಕಣ್ಣಲ್ಲೇ ಗದರುತ್ತಿದ್ದಳು.

ನಾನು ಡಿಗ್ರಿಯಲ್ಲಿದ್ದಾಗ ಒಂದು ಬೆಳಿಗ್ಗೆ ಇನ್‌ಹೇಲರ್ ಪಂಪಿನಿಂದಲೂ ಇಳಿಯದ ಉಬ್ಬಸ ಬಂತು. ಅಪ್ಪ ಆಫೀಸಿಗೆ ಹೊರಟುಹೋಗಿದ್ದರು. ಓಡಿಹೋಗಿ ಅಂಕಲ್ಲನ್ನು ಕರೆದೆ. ಅವರು ಕ್ಷಣದಲ್ಲಿ ಬಂದರು, ಸುಳ್ಳೇಕೆ ಹೇಳಲಿ. ಅಮ್ಮ ತಾನೇ ನಡೆದು ಬಂದು ವ್ಯಾನು ಹತ್ತಿ ಸ್ಟ್ರೆಚರಿನ ಅಂಚಿನಲ್ಲಿ ಕೂತಳು. ಅಂಕಲ್ ಅವಳ ಭುಜ ಹಿಡಿದು ಮಲಗಿಸಿದರು. ಅವಳು ಎದ್ದಳು. ಮತ್ತೆ ಮಲಗಿಸಿ ಎದೆಯ ಮೇಲೆ ಬೆಲ್ಟ್ ಬಿಗಿದರು. ಕೂರಿಸಿ ಅಂಕಲ್, ಅಮ್ಮನಿಗೆ ಮಲಗಿದರೆ ಆಗುವುದಿಲ್ಲ ಎಂದೆ.

"ಸುಮ್ನಿರು ಪುಟ್ಟಿ. ಈಗ ಬನಶಂಕರಿ ಹತ್ರ ಜಾಮು. ಪೇಷಂಟ್ ಮಲಗಿದ್ರೇನೇ ದಾರಿ ಬಿಡೋದು."

ಅವರು ಹೋಗಿ ಮುಂದೆ ಕೂತರು. ಹೆಲ್ಪರ್ ಮಂಜನೂ ಮುಂದೆಯೇ ಕೂತ. ಹಿಂದೆ ನಾನು, ಅಮ್ಮ. ಆ ಬೆಲ್ಟಿನ ಬಕಲು ನನ್ನ ಕೈಗೆ ಬಗ್ಗಲಿಲ್ಲ. ಅಮ್ಮ ಒಂದು ಕೈಯಿಂದ ನನ್ನ ಚೂಡಿದಾರದ ತೋಳು ಹಿಡಿದು ಏಳಲು ನೋಡುತ್ತಲೇ ಇದ್ದಳು. ಮಾತಾಡಲು ಆಗುತ್ತಿರಲಿಲ್ಲ, ಎತ್ತು ಎಂದು ಗಲ್ಲದಲ್ಲೇ ಹೇಳುತ್ತಿದ್ದಳು. ಅಂಕಲ್ಲರ ಸಿದ್ಧಾಂತ ಸುಳ್ಳಾಗಲಿಲ್ಲ. ಬನಶಂಕರಿ ಬಸ್ ಸ್ಟ್ಯಾಂಡಿನ ಹತ್ತಿರ ಜನ ಗಾಜಿನೊಳಗೆ ಇಣುಕಿ ನೋಡಿದರು, ಅಯ್ಯೋ ಪಾಪ ಎಂದರು, ಆಟೋಗಳೂ ಸರಿದು ಜಾಗ ಬಿಟ್ಟವು. ಜಯನಗರದ ಆಸ್ಪತ್ರೆಗೆ ಬೇಗ ತಲುಪಿದೆವು. ಅಷ್ಟು ಹೊತ್ತಿಗೆ ತೋಳು ಹಿಡಿದಿದ್ದ ಕೈ ಬಿಟ್ಟುಹೋಗಿತ್ತು.

ಅಮ್ಮನನ್ನು ಮನೆಗೆ ತಂದದ್ದೂ ಅದೇ ವ್ಯಾನಿನಲ್ಲಿ. ಅಂಕಲ್ ಬಾಡಿಗೆ ಬೇಡವೆಂದರು. ಶಾಮಿಯಾನ ಹಾಕಿಸಿದರು, ಬಂದವರಿಗೆ ಕಾಫಿ ತರಿಸಿದರು, ನಮ್ಮಪ್ಪನ ಹೆಗಲ ಮೇಲೆ ಕೈಯಿಟ್ಟು ನನ್ನ ಕೈಲಾದದ್ದು ಮಾಡಿದೆ ಎಂದರು. ಎಂಥ ದೊಡ್ಡ ಮನಸ್ಸು ಎಂದು ನೆಂಟರೆಲ್ಲ ಮಾತಾಡಿಕೊಂಡರು. ಹದಿಮೂರನೆಯ ದಿನ ಅವರಿಗೆ ಮೊದಲ ಪಂಕ್ತಿಯಲ್ಲಿ ಎಲೆ ಹಾಕಿದೆವು. ನಾನೇ ಬಡಿಸಿದೆ.

ನಾನು ಈ ಕೆಲಸಕ್ಕೆ ಬಂದದ್ದು ಅಮ್ಮನ ನೆನಪಿಗಾಗಿಯೇ. ತುರ್ತು ಚಿಕಿತ್ಸೆಯ ಕೋರ್ಸು ಆಗ ಹೊಸದು, ಸೇರಿದವರು ಬೆರಳೆಣಿಕೆಯಷ್ಟು ಜನ. ಅದರ ಮೊದಲ ತಿಂಗಳಲ್ಲೇ ನಮ್ಮ ಮೇಡಂ ಬೋರ್ಡಿನ ಮೇಲೆ ಒಂದು ಚಿತ್ರ ಬರೆದರು. ಮುಂದಕ್ಕೆ ಬಾಗಿ, ಕೈ ಊರಿ ಕೂತ ಹೆಂಗಸು. ಉಸಿರು ಸಿಕ್ಕದವರು ಹೀಗೆ ತಾವಾಗಿಯೇ ಕೂರುತ್ತಾರೆ, ಯಾವ ಕಾರಣಕ್ಕೂ ಬಲವಂತವಾಗಿ ಮಲಗಿಸಬೇಡಿ, ಮಲಗಿಸಿದರೆ ಜೀವ ಹೋಗಬಹುದು ಎಂದರು. ಬೇರೆಯವರೆಲ್ಲ ಬರೆದುಕೊಳ್ಳುತ್ತಿದ್ದರು. ನಾನು ಎದ್ದು ಹೋಗಿ ಮೆಟ್ಟಿಲ ಮೇಲೆ ಕೂತೆ. ನಾನೇ ಬಡಿಸಿದ ಹೋಳಿಗೆಯನ್ನು ಅವರು ತುಪ್ಪ ಹಾಕಿಸಿಕೊಂಡು ತಿಂದದ್ದು ನೆನಪಾಯಿತು...

ಅವತ್ತಿನಿಂದ ನನಗೆ ಅವರಿಂದ ಬೇಕಾಗಿದ್ದದ್ದು ಒಂದೇ ಮಾತು. ನಿಮ್ಮಮ್ಮನನ್ನು ಮಲಗಿಸಬಾರದಿತ್ತು ಎಂದು ಅವರ ಬಾಯಲ್ಲೇ ಬರಬೇಕು. ಅದನ್ನು ಬೇಡಿ ಪಡೆಯುವ ಮನಸ್ಸಿರಲಿಲ್ಲ, ಕಿತ್ತುಕೊಳ್ಳಬೇಕಿತ್ತು. ಬೀದಿಯಲ್ಲಿ ಎದುರಾದಾಗಲೆಲ್ಲ ಊಟ ಆಯ್ತಾ ಪುಟ್ಟಿ ಎಂದು ಕೇಳುತ್ತಿದ್ದರು. ಆಯ್ತು ಅಂಕಲ್ ಎನ್ನುತ್ತಿದ್ದೆ. ಹಲ್ಲು ಕಚ್ಚಿಕೊಂಡು ಕಾಯುವುದು ಹೇಗೆಂದು ಆ ವರ್ಷಗಳಲ್ಲಿ ಕಲಿತೆ.

ಕಾಲವೂ ನನ್ನ ಕಡೆಗೇ ಬಂತು. ಗಾಡಿ ಓಡಿಸಲು ಬಂದರೆ ಸಾಲದು, ಹಿಂದೆ ರೋಗಿಯ ಪಕ್ಕದಲ್ಲಿ ಕಲಿತವರೊಬ್ಬರು ಇರಲೇಬೇಕು ಎಂದು ದೊಡ್ಡ ಆಸ್ಪತ್ರೆಗಳು ಪಟ್ಟು ಹಿಡಿದವು. ನಾನು ಪಾಠ ಹೇಳುವವಳಾದೆ. ಹುಳಿಮಾವಿನಿಂದ, ಕನಕಪುರ ರಸ್ತೆಯ ಹಳ್ಳಿಗಳಿಂದ ಹುಡುಗಿಯರು ಬಂದರು. ಸ್ಟ್ರೆಚರ್ ಎತ್ತುತ್ತೀಯೇನೇ ಎಂದು ನಕ್ಕವರೆದುರು ಎತ್ತಿ ತೋರಿಸಿದರು. ಈಗಂತೂ ಕೆಲಸದ ಸ್ವರೂಪವೇ ಬೇರೆ. ವ್ಯಾನಿನಿಂದಲೇ ಇ.ಸಿ.ಜಿ. ಡಾಕ್ಟರ ಫೋನಿಗೆ ಹೋಗುತ್ತದೆ, ಔಷಧಿ ರೋಗಿಯ ಮನೆಯಲ್ಲೇ ಶುರುವಾಗುತ್ತದೆ. ಜಯನಗರದಲ್ಲಿ ಬಚ್ಚಲಲ್ಲಿ ಜಾರಿದ ಅಜ್ಜಿಯನ್ನು ಪರೀಕ್ಷೆ ಮಾಡಿ, ಎತ್ತಿ ಕೂರಿಸಿ, ಡಾಕ್ಟರ ಜೊತೆ ಮಾತಾಡಿಸಿ, ಆಸ್ಪತ್ರೆಗೆ ಒಯ್ಯದೆಯೇ ವಾಪಸ್ ಬರುವುದೂ ಉಂಟು. ಇನ್ನು ಮುಂದೆ ಅರ್ಧ ಕೆಲಸ ಹೀಗೇ ಇರುತ್ತದೆ, ಬರೀ ಸೈರನ್ ನಂಬಿಕೊಂಡು ಬರಬೇಡಿ ಎಂದು ನನ್ನ ಕ್ಲಾಸಿನ ಮಕ್ಕಳಿಗೆ ಹೇಳುತ್ತಿರುತ್ತೇನೆ.

ಒಂದು ದಿನ ಅಂಕಲ್ ಬಾದಾಮಿ ಹಲ್ವದ ಡಬ್ಬಿ ಹಿಡಿದು ನಮ್ಮ ಕೇಂದ್ರಕ್ಕೆ ಬಂದರು. ಕಲಿತ ಕೈ ಇಲ್ಲದೆ ಅವರ ವ್ಯಾನುಗಳನ್ನು ಯಾವ ಆಸ್ಪತ್ರೆಯೂ ಕರೆಯುತ್ತಿರಲಿಲ್ಲ. ನಮ್ಮ ಹುಡುಗರಿಗೆ ವರ್ಷಗಟ್ಟಲೆ ಅನುಭವ ಇದೆ, ಪಾಠಗೀಠ ಏನೂ ಬೇಡ, ಒಂದೊಂದು ಸರ್ಟಿಫಿಕೇಟ್ ಮಾಡಿಕೊಡಮ್ಮ ಎಂದರು. ಅದಾಗುವುದಿಲ್ಲ, ಎಲ್ಲರೂ ಕ್ಲಾಸಿಗೆ ಬರಲಿ, ಮೊದಲ ದಿನ ನೀವೂ ಬನ್ನಿ ಅಂಕಲ್ ಎಂದೆ. ಸಂತೋಷದಿಂದ ಒಪ್ಪಿಕೊಂಡರು.

ನಮ್ಮಲ್ಲಿ ಉಸಿರಾಟದ ಪಾಠ ಮಾಡುವ ಒಂದು ಕ್ರಮವಿದೆ. ಮೂಗು ಹಿಡಿದುಕೊಂಡು, ಜ್ಯೂಸ್ ಪೊಟ್ಟಣದ ಸಣ್ಣ ಸ್ಟ್ರಾ ಒಂದರಿಂದಲೇ ಉಸಿರಾಡಬೇಕು. ಮೊದಲು ಕೂತು, ಆಮೇಲೆ ಮಲಗಿ. ಆ ದಿನ ಸ್ಟ್ರೆಚರಿನ ಮೇಲೆ ನಾನು ಮಲಗಿಸಿದ್ದು ಅಂಕಲ್ಲನ್ನು. ಬೆಲ್ಟನ್ನು ನಾನೇ ಬಿಗಿದೆ. ಅವರ ಹುಡುಗರು ಸುತ್ತ ನಿಂತು ನಗುತ್ತಿದ್ದರು. ಸ್ವಲ್ಪ ಹೊತ್ತಿಗೇ ಅಂಕಲ್ಲರ ಕಣ್ಣು ದೊಡ್ಡದಾಯಿತು, ಕೈ ಬಕಲಿಗೆ ಹೋಯಿತು. ನಾನು ನೋಡುತ್ತ ನಿಂತೆ. ಬಿಚ್ಚಬೇಕಾದ ಹೊತ್ತಿಗಿಂತ ತಡವಾಗಿಯೇ ಬಿಚ್ಚಿದೆ. ಆ ತಡಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ.

ಅವರು ಎದ್ದು ಕೂತು ಸುಧಾರಿಸಿಕೊಂಡರು. ಎದ್ದು ಕೂರಬೇಕು ಅನ್ನಿಸಿತಾ ಎಂದು ಕೇಳಿದೆ. ಪ್ರಾಣಾನೇ ಹೋದ ಹಾಗಾಯ್ತಮ್ಮ ಎಂದರು.

"ನಮ್ಮಮ್ಮಂಗೂ ಹಾಗೇ ಅನ್ನಿಸಿತ್ತು ಅಂಕಲ್. ನಿಮ್ಮ ಗಾಡೀಲಿ."

ಅವರು ನನ್ನ ಮುಖವನ್ನೇ ನೋಡಿದರು. ಈಗ ಹೇಳುತ್ತಾರೆ, ಈಗ ಹೇಳುತ್ತಾರೆ ಎಂದು ಕಾದೆ. "ಪಾಪ, ಪುಣ್ಯವಂತೆ, ಹೆಚ್ಚು ನರಳಲಿಲ್ಲ," ಎಂದು ನಿಟ್ಟುಸಿರು ಬಿಟ್ಟು ಕರವಸ್ತ್ರದಿಂದ ಮುಖ ಒರೆಸಿಕೊಂಡರು. ಅಷ್ಟೇ. ಅಮ್ಮನನ್ನು ಮಲಗಿಸಿ ಬೆಲ್ಟ್ ಬಿಗಿದದ್ದು ಅವರಿಗೆ ನೆನಪೇ ಇರಲಿಲ್ಲ. ಎಷ್ಟೋ ಜನರನ್ನು ಸಾಗಿಸಿದ್ದರಲ್ಲ, ಅದರಲ್ಲಿ ನನ್ನ ಅಮ್ಮನೂ ಒಬ್ಬಳು. ಅರ್ಥವಾದದ್ದು ಮಂಜನಿಗೆ. ಸಂಜೆ ಎಲ್ಲರೂ ಹೋದ ಮೇಲೆ ಬಂದು, ಅವತ್ತು ನಾನು ಹಿಂದೆ ಬಂದು ಕೂರಬೇಕಿತ್ತು ಅಕ್ಕ ಎಂದು ಅತ್ತ. ಅವನ ಅಳು ತಗೊಂಡು ನಾನೇನು ಮಾಡಲಿ? ಅದು ಬರಬೇಕಾದ ಬಾಯಿ ಬೇರೆ ಇತ್ತು.

ಮಾತಿನಿಂದ ಆಗದ್ದನ್ನು ಬೇರೆ ರೀತಿಯಲ್ಲಿ ಮಾಡಿದೆ. ಆ ಹುಡುಗರಿಗೆ ಕಲಿಸಿದೆ, ತಪ್ಪಿದರೆ ಮತ್ತೆ ಮಾಡಿಸಿದೆ, ನನ್ನ ಯಾವ ಬ್ಯಾಚಿಗೂ ಹಾಗೆ ಕಲಿಸಿರಲಿಲ್ಲ. ಪಾಸಾದ ಮೇಲೆ ನಾನೇ ಫೋನ್ ಮಾಡಿ ಮಾಡಿ ಅವರನ್ನೆಲ್ಲ ದೊಡ್ಡ ಆಸ್ಪತ್ರೆಗಳ ಆಂಬುಲೆನ್ಸ್ ವಿಭಾಗಕ್ಕೆ ಸೇರಿಸಿದೆ. ಪಿ.ಎಫ್. ಇದೆ, ವಾರದ ರಜೆ ಇದೆ, ಹೋಗಿ ಎಂದೆ. ಒಬ್ಬೊಬ್ಬರಾಗಿ ಹೋದರು, ಮಂಜ ಎಲ್ಲರಿಗಿಂತ ಕೊನೆಯಲ್ಲಿ. ಅಂಕಲ್ಲರ ಎರಡೂ ವ್ಯಾನು ಬೀದಿಯ ಹೊಂಗೆ ಮರದ ಕೆಳಗೆ ನಿಂತವು. ಟಯರಿನ ಗಾಳಿ ಇಳಿಯಿತು, ಬಾನೆಟ್ಟಿನ ಮೇಲೆ ಬೆಕ್ಕು ಮರಿ ಹಾಕಿತು. ಅಷ್ಟರಲ್ಲಿ ನಾವು ಆ ಬೀದಿಯ ಮನೆ ಬಿಟ್ಟಿದ್ದೆವು, ಆದರೂ ನಾನು ಸ್ಕೂಟರಿನಲ್ಲಿ ಅವುಗಳ ಮುಂದೆಯೇ ಹೋಗುತ್ತಿದ್ದೆ. ನೋಡಿ ಖುಷಿ ಪಡುತ್ತಿದ್ದೆ, ಮುಚ್ಚಿಡುವುದೇನಿದೆ.

ಆದರೆ ಆ ಮನುಷ್ಯ ಅದನ್ನೂ ನನಗೆ ಪೂರ್ತಿ ದಕ್ಕಲು ಬಿಡಲಿಲ್ಲ. ಬೀದಿಯ ತುದಿಯ ದರ್ಶಿನಿಯಲ್ಲಿ ಕಾಫಿ ಕುಡಿಯುತ್ತ, ನಮ್ಮ ಪುಟ್ಟಿ ನಮ್ಮ ಹುಡುಗರನ್ನೆಲ್ಲ ಒಂದು ದಡ ಸೇರಿಸಿದಳು ಎಂದು ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದರು. ನಾನು ಹೊಡೆದ ಏಟನ್ನು ಹಾರ ಮಾಡಿಕೊಂಡು ಹಾಕಿಕೊಂಡರು. ಎಷ್ಟು ಉರಿದುಹೋದೆ ಎಂದರೆ, ಆಮೇಲೆ ಆ ದಾರಿಯನ್ನೇ ಬಿಟ್ಟೆ, ಆ ಬೀದಿಯ ಸುದ್ದಿ ಕೇಳುವುದನ್ನೂ ಬಿಟ್ಟೆ.

ಕೆಲಸಕ್ಕೆ ಸೇರಿದವರು ಶನಿವಾರಗಳಲ್ಲಿ ನಮ್ಮಲ್ಲಿಗೆ ಬಂದು ತಾವು ನೋಡಿದ ಒಂದೊಂದು ಕೇಸನ್ನು ಬಿಡಿಸಿ ಹೇಳುವ ಪದ್ಧತಿ ಇದೆ. ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಶನಿವಾರ ಭವ್ಯ ಎಂಬ ನನ್ನ ಹಳೆಯ ವಿದ್ಯಾರ್ಥಿನಿ ಎದ್ದು ನಿಂತಳು. ಅವಳ ಗಾಡಿಗೆ ಈಗ ಮಂಜನೇ ಡ್ರೈವರು. ಪದ್ಮನಾಭನಗರದಿಂದ ಬಂದ ಕರೆ, ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದ ಹಿರಿಯರು ಎಂದು ಶುರು ಮಾಡಿದಳು. ಯಾರೆಂದು ಅವಳು ಹೇಳುವ ಮೊದಲೇ, ಬಾಗಿಲ ಬಳಿ ನಿಂತಿದ್ದ ಮಂಜನ ಮುಖ ನೋಡಿ ತಿಳಿಯಿತು.

ಸುಸ್ತಾಗಿದೆ ಎಂದು ಮನೆಯವರು ಅವರನ್ನು ಮಂಚದ ಮೇಲೆ ಅಂಗಾತ ಮಲಗಿಸಿದ್ದರಂತೆ. ಭವ್ಯ ಹೋದವಳೇ ಎಬ್ಬಿಸಿ, ಬೆನ್ನಿಗೆ ದಿಂಬು ಕೊಟ್ಟು, ಕಾಲು ಇಳಿಬಿಟ್ಟು ಕೂರಿಸಿದಳಂತೆ. ಆಕ್ಸಿಜನ್ ಕೊಟ್ಟಳು, ಡಾಕ್ಟರನ್ನು ಫೋನಿನಲ್ಲಿ ಹಿಡಿದಳು, ಅವರು ಹೇಳಿದ ಔಷಧಿ ಅಲ್ಲೇ ಹಾಕಿದಳು. ದಾರಿಯುದ್ದಕ್ಕೂ ಎದುರಿಗೇ ಕೂತು ಅವರ ಕೈ ಹಿಡಿದುಕೊಂಡಿದ್ದಳು.

"ಮಾಸ್ಕ್ ಹಾಕೋ ಮುಂಚೆ, ನಮ್ಮ ಪುಟ್ಟಿ ಸ್ಟೂಡೆಂಟಾ ಅಂದ್ರು ಮೇಡಂ. ಹೂಂ ಅಂದೆ. ನಕ್ರು."

ಆಸ್ಪತ್ರೆಯ ಗೇಟಿನಲ್ಲಿ ಹೃದಯ ನಿಂತಿತು. ಎದೆ ಒತ್ತಿದರು, ಷಾಕ್ ಕೊಟ್ಟರು, ಆಗಲಿಲ್ಲ. ಎಲ್ಲಿ ತಪ್ಪು ಮಾಡಿದೆ ಮೇಡಂ ಎಂದು ಭವ್ಯ ಕೇಳಿದಳು. ಅವಳು ಹೇಳಿದ್ದನ್ನೆಲ್ಲ ಮೊದಲಿನಿಂದ ಒಂದೊಂದಾಗಿ ಕೆದಕಿದೆ. ಒಂದು ತಪ್ಪೂ ಸಿಗಲಿಲ್ಲ. ಎಲ್ಲ ಸರಿಯಾಗಿಯೇ ಮಾಡಿದ್ದೀಯ ಎಂದೆ.

ಎಲ್ಲ ಸರಿಯಾಗಿ ಮಾಡಿದರೂ ಅವರು ಹೋದರು. ಹಾಗಾದರೆ ಅಮ್ಮನನ್ನು ಕೂರಿಸಿದ್ದರೂ... ಇಷ್ಟು ವರ್ಷ ನಾನು ಕೂರಿಸಿದ್ದರೆ ಉಳಿಯುತ್ತಿದ್ದಳು ಎಂಬುದೊಂದನ್ನೇ ಹಿಡಿದುಕೊಂಡು ಬದುಕಿದ್ದೆ. ಉಳಿಯುತ್ತಿದ್ದಳೋ ಇಲ್ಲವೋ, ಇನ್ನು ನನಗೆ ಗೊತ್ತಾಗುವುದಿಲ್ಲ. ಮಲಗಿಸಬಾರದಿತ್ತು ಎಂಬ ಮಾತನ್ನು ಇನ್ನು ಯಾರೂ ಹೇಳುವುದಿಲ್ಲ. ಹೇಳಬೇಕಾದವರು ಹೋದರು. ಅಮ್ಮ ಹೋದ ಮೇಲೆ ಮನೆ ಹೇಗೆ ಬಿಕೋ ಎನ್ನುತ್ತಿತ್ತೋ, ಅವರು ಹೋದ ಮೇಲೆ ಒಳಗೆ ಹಾಗೇ ಅನ್ನಿಸಿತು. ಅದಕ್ಕೂ ಅವರ ಮೇಲೆ ಸಿಟ್ಟು ಬಂತು.

ಎಲ್ಲರೂ ಹೋದ ಮೇಲೆ ಮಂಜ ಉಳಿದ. ನಾಳೆ ಅವರ ಹದಿಮೂರನೆಯ ದಿನ, ಬನ್ನಿ ಅಕ್ಕ, ಇನ್ನಾದರೂ ಬಿಟ್ಟುಬಿಡಿ ಎಂದ.

"ಅವರಿಗೆ ಎದುರಿಗೆ ಒಬ್ಬಳು ಕೂತಿದ್ಲು ಮಂಜ. ಎತ್ತು ಅನ್ನೋ ಮುಂಚೇನೇ ಎತ್ತಿದ್ಲು. ಅವಳನ್ನ ತಯಾರು ಮಾಡಿ ಕಳಿಸಿದ್ದು ನಾನು. ನಮ್ಮಮ್ಮಂಗೆ ಯಾರಿದ್ರು ಹೇಳು?"

ಮರುದಿನದ ಊಟಕ್ಕೆ ನಾನು ಹೋಗಲಿಲ್ಲ.