ಗಾಜಕ್ಕ ಅಳಿಸಿದ ಗುರುತುಗಳು

ವಿಜ್ಞಾನದ ಪ್ರಯೋಗಾಲಯದ ಬಗ್ಗೆ ಬರೆಯುವ ಅರ್ಹತೆ ನನಗಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಓದಿದ್ದು ಸಂಜೆ ತರಗತಿಗಳಲ್ಲಿ. ನಾವು ತಲುಪುವ ಹೊತ್ತಿಗೆ ಪ್ರಯೋಗಾಲಯಕ್ಕೆ ಬೀಗ ಬಿದ್ದಿರುತ್ತಿತ್ತು. ಉಪಕರಣಗಳ ಚಿತ್ರವನ್ನು ಪುಸ್ತಕ ನೋಡಿ ಬರೆದು ಪಾಸಾದವರು ನಾವು. ಕೆಳಗಿನ ಸಾಲುಗಳಲ್ಲಿ ಬೆಳಕು, ಮಸೂರ ಎಂದೆಲ್ಲ ಬರುತ್ತದೆ. ಶಾಲೆಯ ವಿಜ್ಞಾನದ ಮೇಷ್ಟ್ರಿಗೆ ತೋರಿಸಿಯೇ ಬರೆದಿದ್ದೇನೆ. ಆದರೂ ಎಲ್ಲಾದರೂ ಎಡವಿದ್ದರೆ ಬಲ್ಲವರು ಮನ್ನಿಸಬೇಕು.

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗೇಟು ತೆಗೆದ ಕಾವಲುಗಾರ ಮತ್ತೆ ಕುರ್ಚಿಗೊರಗಿ ಕಣ್ಣು ಮುಚ್ಚಿದ್ದಾನೆ. ಮೇಲಿನ ಮಹಡಿಯ ಕೊನೆಯ ಕೋಣೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಅಲ್ಲಿ ಒಬ್ಬ ಹೆಂಗಸು ಉದ್ದದ ಮರದ ಮೇಜಿನ ಮೇಲೆ ಬಾಗಿ, ಅದರ ಅಂಚನ್ನು ಸ್ಯಾಂಡ್ ಪೇಪರಿನಿಂದ ತಿಕ್ಕುತ್ತಿದ್ದಾರೆ. ತಿಕ್ಕುವುದು, ಊದುವುದು, ಕಣ್ಣು ಕಿರಿದು ಮಾಡಿ ನೋಡುವುದು, ಮತ್ತೆ ತಿಕ್ಕುವುದು. ಅಳಿಸುತ್ತಿರುವುದು ಒಂದು ಪೆನ್ಸಿಲ್ ಚುಕ್ಕೆ. ಪ್ರತಿ ಮೇಜಿಗೂ ಅಂಥದ್ದೊಂದಿದೆ.

"ರಬ್ಬರಲ್ಲಿ ಹೋಗಲ್ಲ ಇದು," ಎನ್ನುತ್ತಾರೆ ತಲೆ ಎತ್ತದೆ. "ಮಸುಕಾದಾಗೆಲ್ಲ ಮತ್ತೆ ಮತ್ತೆ ತೀಡಿದ್ದೀನಿ. ಮರದೊಳಗೇ ಇಳಿದುಬಿಟ್ಟಿದೆ."

ಇವರು ಈ ಶಾಲೆಯ ಪ್ರಯೋಗಾಲಯದ ಸಹಾಯಕಿ. ಗಾಜಿನ ಸಾಮಾನು ಒಡೆದರೆ ಮಕ್ಕಳಿಗಿಂತ ಮೊದಲು ಇವರ ಮುಖ ಸಣ್ಣದಾಗುತ್ತದೆ. ಅದಕ್ಕೇ ಯಾವುದೋ ಕಾಲದ ಮಕ್ಕಳು ಗಾಜಕ್ಕ ಎಂದು ಕರೆದರು, ಅದೇ ನಿಂತಿತು. ಸೇರಿದ್ದು ವರಾಂಡ ಗುಡಿಸುವ ಕೆಲಸಕ್ಕೆ. ಮೊದಲಿದ್ದ ಸಹಾಯಕರು ನಿವೃತ್ತರಾದಾಗ ಬೀಗದ ಕೈ ಇವರ ಕೈಗೆ ಬಂತು. ದಿನಕ್ಕೆ ಐದಾರು ತರಗತಿ ಈ ಕೋಣೆಗೆ ಬಂದು ಹೋಗುತ್ತದೆ. ಪ್ರತಿ ತರಗತಿಗೂ ಮೇಜು ಜೋಡಿಸಬೇಕು, ಮುಗಿದ ಮೇಲೆ ತೊಳೆದು ಒರೆಸಿಡಬೇಕು, ನಡುವೆ ಸಿಗುವುದು ಒಂದು ಲೋಟ ಚಹಾ ಆರುವಷ್ಟು ಹೊತ್ತು.

ಮನೆಯಲ್ಲಿ ಸೈಕಲ್ ರಿಪೇರಿಯ ಗಂಡ, ಕಾಲುನೋವಿನ ಅತ್ತೆ. ಅತ್ತೆಗೆ ಸೊಸೆಯ ಕೆಲಸದ ಮೇಲೆ ಒಂದೇ ದೂರು. "ಊರವರ ಗಾಜು ತೊಳೆಯೋಕೆ ಕತ್ತಲಲ್ಲೇ ಎದ್ದು ಓಡ್ತಾಳೆ. ನಮ್ಮನೆ ಲೋಟ ನೋಡಿ, ಹೇಗೆ ಬಿದ್ದಿದೆ."

"ನಿಮ್ಮನೆ ಲೋಟಕ್ಕೆ ಯಾರೂ ಮಾರ್ಕ್ಸ್ ಕೊಡಲ್ಲ ಅತ್ತೆ," ಎನ್ನುತ್ತಾರೆ ಸೊಸೆ.

ಈ ಚುಕ್ಕೆಗಳ ಕಥೆ ಮಾರ್ಕ್ಸಿನದೇ. ಪೀನ ಮಸೂರ, ಅಂದರೆ ನಡು ಉಬ್ಬಿದ ಗಾಜು, ಕಿಟಕಿಯಾಚೆಯ ದೃಶ್ಯವನ್ನು ಒಂದು ಬಿಳಿ ಪರದೆಯ ಮೇಲೆ ತಲೆಕೆಳಗಾಗಿ ಮೂಡಿಸುತ್ತದೆ. ಚಿತ್ರ ಸ್ಪಷ್ಟವಾಗುವ ತನಕ ಪರದೆಯನ್ನು ಹಿಂದೆ ಮುಂದೆ ಜರುಗಿಸಿ, ಆಮೇಲೆ ಗಾಜಿಗೂ ಪರದೆಗೂ ಇರುವ ದೂರವನ್ನು ಅಳೆಯಬೇಕು. ಹಲವು ವರ್ಷಗಳ ಹಿಂದೆ, ವಾರ್ಷಿಕ ಪ್ರಾಯೋಗಿಕ ಪರೀಕ್ಷೆಯ ದಿನ ಮೋಡ ಕವಿದಿತ್ತು. ಒಬ್ಬ ಹುಡುಗಿಗೆ ಏನು ಮಾಡಿದರೂ ಚಿತ್ರ ಬರಲಿಲ್ಲ. ಖಾಲಿ ಹಾಳೆ ಕೊಟ್ಟು ಅಳುತ್ತಾ ಹೋದಳು.

"ಹೊರಗಿಂದ ಬಂದಿದ್ದ ಪರೀಕ್ಷಕರು, ನಾನು ಮಾತಾಡೋ ಹಾಗಿಲ್ಲ. ಗೋಡೆಗೆ ಅಂಟಿಕೊಂಡು ನಿಂತಿದ್ದೆ," ಎನ್ನುತ್ತಾರೆ ಗಾಜಕ್ಕ. "ಮಾರನೇ ದಿನ ಬಿಸಿಲು ಬಂತು. ಒಂದೊಂದು ಮೇಜಿಗೆ ಒಂದೊಂದು ಗಾಜು ಕಾಯಂ ಮಾಡಿದೆ. ಗಾಜನ್ನ ಮೇಜಿನ ತುದಿಗೆ ನಿಲ್ಲಿಸಿ, ಪರದೆ ಎಲ್ಲಿ ನಿಂತ್ರೆ ಚಿತ್ರ ಬರುತ್ತೋ ಅಲ್ಲೊಂದು ಚುಕ್ಕೆ ಇಟ್ಟೆ. ಇನ್ನೊಂದು ಮಗು ಹಾಗೆ ಹೋಗಬಾರದು ಅಂತ ಅಷ್ಟೇ."

ಅಲ್ಲಿಂದಾಚೆಗೆ ಯಾರೂ ಅಳಲಿಲ್ಲ. ತರಗತಿಗೆ ತರಗತಿಯೇ ಸರಿಯಾದ ಅಳತೆ ಬರೆಯಿತು. ಹೊಸದಾಗಿ ಬಂದ ಮೇಷ್ಟ್ರು ತಮ್ಮ ಪಾಠದ ಬಗ್ಗೆ ಹೆಮ್ಮೆಪಟ್ಟುಕೊಂಡರು.

ಈ ವರ್ಷ ಮುಖ್ಯೋಪಾಧ್ಯಾಯಿನಿಗೆ ಬೇರೆ ಯೋಚನೆ ಬಂದಿದೆ. ಕೋಣೆಗಳು ಸಾಲುತ್ತಿಲ್ಲ. ಪ್ರಯೋಗಗಳನ್ನು ದೊಡ್ಡ ಪರದೆಯ ಮೇಲೆ ವಿಡಿಯೊ ತೋರಿಸಿಯೇ ಕಲಿಸಬಹುದಾದರೆ, ಮೇಜುಗಳನ್ನು ತೆಗೆಸಿ ಇಲ್ಲಿ ತರಗತಿ ನಡೆಸಬಹುದು. ಹಾಗಾದರೆ ಗಾಜಕ್ಕನಿಗೆ ಮತ್ತೆ ವರಾಂಡದ ಪೊರಕೆ. ಬಡಗಿ ಬಂದು ಗೋಡೆ ಅಳೆದೂ ಹೋಗಿದ್ದಾನೆ. ಆದರೆ ಮೇಡಂ ದುಡುಕುವವರಲ್ಲ. ಒಂದು ವಿಭಾಗಕ್ಕೆ ಈ ಕೋಣೆಯಲ್ಲಿ ಪಾಠ, ಇನ್ನೊಂದಕ್ಕೆ ವಿಡಿಯೊ, ಆಮೇಲೆ ಎರಡಕ್ಕೂ ಒಂದೇ ಪರೀಕ್ಷೆ ಎಂದರು. ಮೇಷ್ಟ್ರು ಖುಷಿಯಿಂದಲೇ ಒಪ್ಪಿದರು.

ಪರೀಕ್ಷೆಯಲ್ಲಿ ಒಂದು ಪ್ರಶ್ನೆ ಹೀಗಿತ್ತು: ದೂರದ ಕಟ್ಟಡದ ಬದಲು ಹತ್ತಿರದಲ್ಲಿ ಒಂದು ಮೇಣದಬತ್ತಿ ಇಟ್ಟರೆ ಪರದೆಯನ್ನು ಎತ್ತ ಜರುಗಿಸಬೇಕು? ವಿಡಿಯೊ ನೋಡಿದವರಲ್ಲಿ ಬಹಳ ಮಂದಿ ಸರಿಯಾಗಿ, ಗಾಜಿನಿಂದ ಇನ್ನೂ ದೂರಕ್ಕೆ ಎಂದು ಬರೆದರು. ಕೈಯಿಂದಲೇ ಪ್ರಯೋಗ ಮಾಡಿದವರು ಹೆಚ್ಚುಕಡಿಮೆ ಎಲ್ಲರೂ, ಪರದೆ ಇದ್ದಲ್ಲೇ ಇರುತ್ತದೆ ಎಂದು ಬರೆದರು.

ಉತ್ತರ ಪತ್ರಿಕೆಗಳನ್ನು ಹಿಡಿದು ಮೇಷ್ಟ್ರು ನೇರ ಇಲ್ಲಿಗೇ ಬಂದರಂತೆ. "ನೀವೇ ನೋಡಿ ಗಾಜಕ್ಕ. ಕಣ್ಣಾರೆ ನೋಡಿದ ಮಕ್ಕಳು ಹೀಗೆ ಬರೀತಾರಾ?"

ಗಾಜಕ್ಕ ಅವರನ್ನು ಮೇಜಿನ ಹತ್ತಿರ ಕರೆದು ಚುಕ್ಕೆ ತೋರಿಸಿದರು.

"ಅವ್ರು ಪರದೆ ಜರುಗಿಸೇ ಇಲ್ಲ ಮೇಷ್ಟ್ರೇ. ಬಂದ ತಕ್ಷಣ ಚುಕ್ಕೆ ಮೇಲೆ ಇಡ್ತಾರೆ, ಅಳೀತಾರೆ, ಬರ್ಕೊಂಡು ಹೋಗ್ತಾರೆ. ಚಿತ್ರ ನೋಡಿದ್ದಾರೋ ಇಲ್ವೋ ಅದೂ ಗೊತ್ತಿಲ್ಲ. ತಪ್ಪು ನನ್ದು."

"ನನ್ದೂ ಹೌದು," ಎಂದರಂತೆ ಮೇಷ್ಟ್ರು. "ಎಲ್ರದ್ದೂ ಇಷ್ಟು ಸರಿ ಹೇಗೆ ಬರುತ್ತೆ ಅಂತ ನಾನು ಒಂದು ದಿನಾನೂ ಕೇಳ್ಲಿಲ್ಲ."

ಇಬ್ಬರೂ ಹೋಗಿ ಮೇಡಂಗೆ ಇದ್ದದ್ದು ಇದ್ದಹಾಗೆ ಹೇಳಿದರು; ಇನ್ನೊಂದು ಅವಕಾಶ ಕೇಳಿದರು. ಸಿಕ್ಕಿತು. ಅದಕ್ಕೇ ಈ ಬೆಳಗಿನ ತಿಕ್ಕಾಟ.

ಅದೇ ದಿನದ ಪಾಠವನ್ನು ನಾನು ಹಿಂದಿನ ಸ್ಟೂಲಿನಲ್ಲಿ ಕೂತು ನೋಡುತ್ತೇನೆ. ಮೊದಲ ಹತ್ತು ನಿಮಿಷ ಸಂತೆ. ಚುಕ್ಕೆ ಇದ್ದ ಜಾಗದಲ್ಲಿ ಬೆಳ್ಳಗೆ ಉಜ್ಜಿದ ಕಲೆ ಇದೆ. ಒಬ್ಬಳು ಜಾಣೆ ಪರದೆಯನ್ನು ಅದರ ಮೇಲೇ ಇಡುತ್ತಾಳೆ. ಆದರೆ ಗಾಜಕ್ಕ ಗಾಜುಗಳನ್ನೂ ಮೇಜಿಂದ ಮೇಜಿಗೆ ಬದಲಿಸಿಟ್ಟಿದ್ದಾರೆ; ಒಂದೊಂದು ಗಾಜಿಗೂ ದೂರ ಬೇರೆ, ಚಿತ್ರ ಮೂಡುವುದಿಲ್ಲ.

"ಗಾಜಕ್ಕಾ, ಇದು ಕೆಟ್ಟೋಗಿದೆ."

"ಗಾಜು ಕೆಡೋಕೆ ಅದೇನು ಹಾಲಾ? ಜರುಗಿಸು."

"ಎಷ್ಟು ಜರುಗಿಸ್ಲಿ?"

"ನನ್ನ ಕೇಳ್ಬೇಡ, ಅದನ್ನ ಕೇಳು."

ಹೇಳುವಾಗ ಅವರ ಬೆರಳು ತೋರಿಸಲು ಎದ್ದೇಳುತ್ತದೆ. ಕೈಯನ್ನು ಹಿಂದಕ್ಕೆ ಕಟ್ಟಿಕೊಳ್ಳುತ್ತಾರೆ. ನಾಲ್ಕನೇ ಮೇಜಿನಲ್ಲಿ ಒಂದು ಕೂಗು. ಪರದೆಯ ಮೇಲೆ ಕಿಟಕಿ ಮೂಡಿದೆ, ಅದರೊಳಗೆ ಎದುರಿನ ಕಟ್ಟಡ, ಅದರ ಮುಂದಿನ ರಸ್ತೆಯಲ್ಲಿ ಒಬ್ಬಾತ ತಲೆ ಕೆಳಗೆ, ಕಾಲು ಮೇಲೆ ಮಾಡಿ ಆರಾಮಾಗಿ ನಡೆದುಹೋಗುತ್ತಿದ್ದಾನೆ. ಉಳಿದವರೆಲ್ಲ ಓಡಿಬರುತ್ತಾರೆ. "ನಮ್ಮ ಅಂಕಗಣಿತದ ಸರ್ ಕಣೋ ಅದು," ಎನ್ನುತ್ತಾನೊಬ್ಬ. "ಇವತ್ತು ಲೆಕ್ಕ ಎಲ್ಲ ಉಲ್ಟಾ." ವರ್ಷಗಟ್ಟಲೆ ಈ ಕೋಣೆಗೆ ಬಂದು ಹೋದ ಎಷ್ಟು ಮಕ್ಕಳು ಇದನ್ನು ನೋಡದೆಯೇ ಸರಿಯುತ್ತರ ಬರೆದಿರಬಹುದು ಎಂದು ನಾನು ಯೋಚಿಸುತ್ತೇನೆ.

ಅಷ್ಟರಲ್ಲಿ ಗುಂಗುರು ಕೂದಲಿನ ಹುಡುಗಿಯೊಬ್ಬಳು ಕೇಳುತ್ತಾಳೆ: "ಸರ್, ಗಾಜಿನ ಅರ್ಧಕ್ಕೆ ಕಾಗದ ಮುಚ್ಚಿದ್ರೆ ಅರ್ಧ ಚಿತ್ರ ಹೋಗುತ್ತಾ?"

ಮೇಷ್ಟ್ರು ಉತ್ತರ ಹೇಳುವುದಿಲ್ಲ, ಕೈ ಎತ್ತಿಸುತ್ತಾರೆ. ಅರ್ಧ ಹೋಗುತ್ತದೆ ಎಂದು ಬಹುತೇಕ ಎಲ್ಲರ ಕೈ ಮೇಲೇಳುತ್ತದೆ. ಮೂಲೆಯಲ್ಲಿ ಗಾಜಕ್ಕನ ಕೈಯೂ ಮೇಲಿದೆ. ನಾನೂ ಮನಸ್ಸಿನಲ್ಲೇ ಎತ್ತಿದ್ದೇನೆ. ಹುಡುಗಿ ಕಾಗದ ಮುಚ್ಚುತ್ತಾಳೆ. ಕಟ್ಟಡ ಪೂರ್ತಿ ಅಲ್ಲೇ ಇದೆ. ಸ್ವಲ್ಪ ಮಂಕಾಗಿದೆ, ಅಷ್ಟೆ. ಅವಳು ಕಾಗದವನ್ನು ಕೆಳಗಿನ ಅರ್ಧಕ್ಕೆ ಹಿಡಿಯುತ್ತಾಳೆ, ಪಕ್ಕಕ್ಕೆ ಹಿಡಿಯುತ್ತಾಳೆ. ಕಟ್ಟಡ ಹೋಗುವುದೇ ಇಲ್ಲ. ಗಾಜಕ್ಕ ಮಕ್ಕಳನ್ನು ಸರಿಸಿಕೊಂಡು ಮುಂದೆ ಬಂದು ಬಗ್ಗಿ ನೋಡುತ್ತಾರೆ.

"ಇಷ್ಟು ವರ್ಷ ಒರೆಸಿ ಇಟ್ಟಿದ್ದೀನಿ," ಎನ್ನುತ್ತಾರೆ, ಯಾರಿಗೆ ಎಂದಿಲ್ಲದೆ. "ಎಲ್ಲಿ, ಇನ್ನೊಂದು ಸಲ ಮುಚ್ಚು."

ಗಾಜಿನ ಪ್ರತಿ ಭಾಗದ ಮೂಲಕವೂ ಇಡೀ ಕಟ್ಟಡದ ಬೆಳಕು ಹಾದುಬರುತ್ತದೆ, ಅರ್ಧ ಮುಚ್ಚಿದರೆ ಬೆಳಕು ಕಡಿಮೆಯಾಗುತ್ತದೆಯೇ ಹೊರತು ಚಿತ್ರ ತುಂಡಾಗುವುದಿಲ್ಲ ಎಂದು ಮೇಷ್ಟ್ರು ವಿವರಿಸುವ ಹೊತ್ತಿಗೆ ಗಂಟೆ ಹೊಡೆಯುತ್ತದೆ. ಅಳತೆ ಬರೆದವರು ಅರ್ಧದಷ್ಟೂ ಇಲ್ಲ. ಒಂದೇ ಮೇಜಿನವರು ಬರೆದ ಅಳತೆಗಳೂ ಒಂದಕ್ಕೊಂದು ತಾಳೆಯಾಗುತ್ತಿಲ್ಲ. ಮೇಷ್ಟ್ರ ಮುಖದಲ್ಲಿ ಚಿಂತೆ ಇದೆ. ಪಾಠಗಳು ಹೀಗೇ ನಡೆದರೆ ವರ್ಷ ಸಾಲದು.

ಕೆಲವು ವಾರ ಬಿಟ್ಟು ಮತ್ತೆ ಹೋದಾಗ ಎರಡನೆಯ ಪರೀಕ್ಷೆ ಮುಗಿದಿದೆ. ಈ ಕೋಣೆಯ ಮಕ್ಕಳು ಮೇಣದಬತ್ತಿಯ ಥರದ ಪ್ರಶ್ನೆಗಳಲ್ಲಿ ಬಹಳ ಸುಧಾರಿಸಿದ್ದಾರೆ. ವ್ಯಾಖ್ಯೆ ಬರೆಯುವುದರಲ್ಲಿ ವಿಡಿಯೊ ವಿಭಾಗವೇ ಮುಂದಿದೆ. ಒಟ್ಟಿನಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಗೆದ್ದರೆಂದು ಬರೆಯುವ ಆಸೆ ನನಗಿತ್ತು, ಹಾಗೆ ಆಗಲಿಲ್ಲ.

"ಸಮ ಬಂದ್ರೆ ಕೋಣೆ ಯಾಕೆ ಬೇಕು ಅಂತಾನೂ ಕೇಳ್ಬಹುದು, ಯಾಕೆ ತೆಗೀಬೇಕು ಅಂತಾನೂ ಕೇಳ್ಬಹುದು," ಎನ್ನುತ್ತಾರೆ ಮೇಡಂ. "ಈ ವರ್ಷ ಎರಡನೇದನ್ನ ಕೇಳ್ತೀನಿ. ಬಡಗಿಗೆ ಬೇಡ ಅಂದಿದ್ದೀನಿ. ಮುಂದಿನ ವರ್ಷದ್ದು ವಾರ್ಷಿಕ ಪರೀಕ್ಷೆ ಆದ್ಮೇಲೆ ನೋಡೋಣ."

ಗಾಜಕ್ಕ ಆ ಸುದ್ದಿಯನ್ನು ತಾವಾಗಿ ಎತ್ತುವುದಿಲ್ಲ. ಬೀಕರು ಒರೆಸುತ್ತಾ ಬೇರೆಯೇ ಹೇಳುತ್ತಾರೆ. "ಚುಕ್ಕೆ ಅಳಿಸಿದ ಮೊದಲ ವಾರ ಗಾಜಕ್ಕಾ, ಗಾಜಕ್ಕಾ ಅಂತ ತಲೆ ತಿಂದುಬಿಟ್ರು. ಈಗ ಯಾರೂ ಕರೆಯಲ್ಲ. ಅವರವರಲ್ಲೇ ಜಗಳ ಆಡ್ಕೊಂಡು ಕಂಡುಹಿಡೀತಾರೆ. ಒಂದೊಂದ್ಸಲ ನಾನೇ ಹೋಗಿ ಮಧ್ಯ ತಲೆ ತೂರಿಸ್ತೀನಿ, ಏನಂತೆ ಅಂತ."

ವಾರ್ಷಿಕ ಪರೀಕ್ಷೆಯ ದಿನ ಮೋಡ ಕವಿದು, ಯಾವುದಾದರೂ ಮಗುವಿನ ಕಣ್ಣು ತುಂಬಿದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. ಕೇಳಬಾರದಿತ್ತೇನೋ. ಅವರು ಬೀಕರನ್ನು ಕಿಟಕಿಗೆ ಹಿಡಿದು ಕಲೆ ಉಳಿದಿದೆಯೇ ಎಂದು ನೋಡುತ್ತಾರೆ. "ಗೊತ್ತಿಲ್ಲಪ್ಪ," ಎನ್ನುತ್ತಾರೆ ಕೊನೆಗೆ. "ಗೋಡೆಗೆ ಅಂಟಿಕೊಂಡು ನಿಂತಿರೋಕಾಗುತ್ತೋ ಇಲ್ವೋ."

ಕೈಯಿಂದ ಮಾಡಿದ ಮಕ್ಕಳಿಗೆ, ನೋಡಿ ಕಲಿತವರಿಗಿಂತ ಬೆಳಕು ಹೆಚ್ಚು ತಿಳಿದಿದೆಯೇ ಎಂದು ಈ ಬರಹದ ಕೊನೆಗಾದರೂ ಹೇಳಬೇಕೆಂದಿದ್ದೆ. ಮೇಷ್ಟ್ರನ್ನು ಕೇಳಿದೆ, ಎರಡು ವಿಭಾಗ, ಒಂದು ಪ್ರಯೋಗ ಇಟ್ಟುಕೊಂಡು ಹೇಳಲಾಗದು ಎಂದರು. ಹತ್ತು ವರ್ಷ ಕಳೆದ ಮೇಲೆ ಆ ಗುಂಗುರು ಕೂದಲಿನ ಹುಡುಗಿಗೆ ಏನು ನೆನಪಿರುತ್ತದೆ ಎಂಬುದು ಯಾವ ಪರೀಕ್ಷೆಯಲ್ಲೂ ಇಲ್ಲ. ನನಗೂ ಗೊತ್ತಿಲ್ಲ.