ದೀಪದ ಬಣ್ಣ ಕೇಳುತ್ತಿದ್ದ ಉಸ್ತಾದರು

ಅವರ ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಸದಾ ರಬ್ಬರಿನ ಪುಡಿ ಇರುತ್ತಿತ್ತು. ಶಾಲೆ ಮಕ್ಕಳು ಬಳಸುವ ಬಿಳಿ ರಬ್ಬರು. ಸವೆದು ಹುಣಸೆ ಬೀಜದಷ್ಟಾದರೂ ಬಿಸಾಡದೆ ಕರವಸ್ತ್ರದ ಮೂಲೆಗೆ ಗಂಟು ಹಾಕಿ ಇಟ್ಟುಕೊಳ್ಳುತ್ತಿದ್ದರು. ಕಂಪ್ಯೂಟರಿನ ಡಬ್ಬಿ ಬಿಚ್ಚಿ, ವಯರು ಚುಚ್ಚುವ ನೆಟ್‌ವರ್ಕ್ ಕಾರ್ಡ್ ಹೊರತೆಗೆದು, ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ಆ ರಬ್ಬರಿನಿಂದ ಮೆಲ್ಲಗೆ ಉಜ್ಜುತ್ತಿದ್ದರು. ಉಜ್ಜಿ, ಊದಿ, ಮತ್ತೆ ಕೂಡಿಸಿದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತಿತ್ತು.

ರಾಯಚೂರಿನ ತೀನ್ ಕಂದೀಲ್ ಹತ್ತಿರದ ಗಲ್ಲಿಯಲ್ಲಿ ಅವರ ರಿಪೇರಿ ಅಂಗಡಿ. ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು, ನಾನೂ. ಅವರು ಹುಟ್ಟಿದ್ದು ಮಸರಕಲ್ಲಿನಲ್ಲಿ. ದೇವದುರ್ಗದಲ್ಲಿ ರೇಡಿಯೊ ರಿಪೇರಿ ಕಲಿತು, ಅಲ್ಲಿಂದ ಟಿವಿಗೆ, ಟಿವಿಯಿಂದ ಕಂಪ್ಯೂಟರಿಗೆ ಬಂದವರು. ಯಾವ ಯಂತ್ರವನ್ನೂ ಕೆಟ್ಟಿದೆ ಎನ್ನುತ್ತಿರಲಿಲ್ಲ. "ಸಿಟ್ಟಾಗ್ಯದ" ಎನ್ನುತ್ತಿದ್ದರು.

ನಾನು ಎಂ.ಎಸ್ಸಿ. ಓದುವಾಗ ನಮ್ಮ ಮನೆಯ ಕಂಪ್ಯೂಟರಿಗೆ ನೆಟ್ ಬರುವುದು ನಿಂತಿತು. ಅವರು ಬಂದು ಕೀಬೋರ್ಡಿನ ಮುಂದೆ ಕೂತು, ನನ್ನನ್ನು ಡಬ್ಬಿಯ ಹಿಂದೆ ನೆಲದ ಮೇಲೆ ಕೂಡಿಸಿದರು.

"ವಯರ್ ಚುಚ್ಚಿದ ಕಡಿ ಸಣ್ಣ ದೀಪ ಅದ ನೋಡು ಬೇಟಿ. ಹತ್ತ್ಯದೇನು? ಯಾವ ಬಣ್ಣ?"

ನನ್ನ ದನಿ ಯಾವಾಗಲೂ ಸಣ್ಣದು. ಏನೋ ಗೊಣಗಿದೆ.

"ಜೋರಾಗಿ ಹೇಳವ್ವಾ. ದೀಪದ ಮುಂದ ಏನ್ ನಾಚ್ಕಿ?"

ದೀಪ ಹತ್ತಿದ್ದರೆ ವಯರು ಹಿಡಿದಿದೆ, ಮಿಣುಕುತ್ತಿದ್ದರೆ ಮಾತು ನಡೆದಿದೆ ಎಂದು ಅಂದು ಕಲಿತೆ. ಆಮೇಲೆ ಪಿಂಗ್, ಅಂದರೆ ಕರೆ ಕಳಿಸಿ ಉತ್ತರ ಬರುತ್ತದೆಯೇ ಎಂದು ಕಾಯುವುದು. ಅದಕ್ಕೂ ಅವರದೊಂದು ಕ್ರಮವಿತ್ತು. "ಮೊದಲ ತನ್ನ ತಾನು ಕರೀಬೇಕು. ಆಮ್ಯಾಲ ಮನಿ ಬಾಗಲ. ಆಮ್ಯಾಲ ಊರು. ತನಗಽ ಓಗೊಡದಾಂವ ಊರಿಗೆ ಏನ್ ಓಗೊಡ್ತಾನ?"

ಹೋದ ಮನೆಯಲ್ಲೆಲ್ಲ ಅವರು ಹೀಗೇ ಯಾರನ್ನಾದರೂ ಹಿಂದೆ ಕೂಡಿಸಿ ಬಣ್ಣ ಹೇಳಿಸುತ್ತಿದ್ದರು. ಕೆಲಸ ನಮ್ಮ ಕೈಲೇ ಮಾಡಿಸುತ್ತೀರಲ್ಲ ಎಂದು ಜನ ನಗುತ್ತಿದ್ದರು. ಕಲಿತರೆ ನಿಮಗೇ ಲಾಭ ಎಂದು ಅವರೂ ನಗುತ್ತಿದ್ದರು.

ಕಾರಣ ನನಗೆ ತಿಳಿದದ್ದು ಎರಡು ವರ್ಷದ ನಂತರ. ಅವರ ಅಂಗಡಿಯಿಂದ ತಂದ ವಯರು ಕೆಲಸ ಮಾಡಲಿಲ್ಲ. ನೋಡಿದರೆ ತುದಿಯಲ್ಲಿ ಕಿತ್ತಳೆ ಎಳೆ ಇರಬೇಕಾದಲ್ಲಿ ಕಂದು ಎಳೆ ಇತ್ತು. ವಾಪಸು ಒಯ್ದು ತೋರಿಸಿದೆ. ಅವರು ಅದನ್ನು ಮೂಗಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ, ಅಂಗಡಿಯಲ್ಲಿ ಬೇರೆ ಯಾರೂ ಇಲ್ಲವೆಂದು ನನ್ನನ್ನೇ ಕೇಳಿ ಖಾತ್ರಿ ಮಾಡಿಕೊಂಡು ಹೇಳಿದರು:

"ಸಕ್ಕರಿ ಕಾಯಿಲಿ ಕಣ್ಣಿಗೆ ಬಂದದ. ಯಾರ ಮುಂದೂ ಅನಬ್ಯಾಡ ಬೇಟಿ. ಕಣ್ಣು ಹೋದಾಂವನ ಕೈಯಾಗ ಮಷೀನ್ ಯಾರ್ ಕೊಡ್ತಾರ?"

ಯಾರಿಗೂ ಹೇಳಲಿಲ್ಲ. ಗುಟ್ಟು ಇಟ್ಟುಕೊಳ್ಳುವುದು ನನಗೆ ಕಷ್ಟವಲ್ಲ.

ಮಾನ್ವಿಯಲ್ಲಿ ನನ್ನ ಸೋದರಮಾವನ ಮನೆ. ಕೆಳಗೆ ಬೀಜ-ಗೊಬ್ಬರದ ಅಂಗಡಿ, ಮೇಲೆ ಮನೆ, ಎರಡಕ್ಕೂ ಒಂದೇ ನೆಟ್. ಒಂದು ದಿನ ಸಿಡಿಲಿಗೆ ಅಂಗಡಿಯ ಕಂಪ್ಯೂಟರಿನಲ್ಲಿ ವಯರು ಚುಚ್ಚುವ ತೂತು ಸುಟ್ಟುಹೋಯಿತು. ಉಸ್ತಾದರನ್ನು ಕರೆಸೋಣ ಎಂದವಳು ನಾನೇ. ಜೊತೆಗಿದ್ದು ದೀಪ ನೋಡಿ ಹೇಳಿದರಾಯಿತು ಎಂದುಕೊಂಡೆ. ಇಬ್ಬರೂ ಬಸ್ಸಿನಲ್ಲಿ ಹೋದೆವು.

ಅವರು ಹೊಸ ಕಾರ್ಡನ್ನು ಅಭ್ಯಾಸದಂತೆ ರಬ್ಬರಿನಿಂದ ಉಜ್ಜಿ ಕೂಡಿಸಿದರು. ಈಗ ಡಬ್ಬಿಯ ಹಿಂದೆ ಒಂದೇ ತರಹದ ಎರಡು ತೂತು, ಮೇಲಿನದು ಸುಟ್ಟದ್ದು, ಕೆಳಗಿನದು ಹೊಸದು. ಅಷ್ಟರಲ್ಲಿ ಅತ್ತೆ ಚಹಾಕ್ಕೆಂದು ನನ್ನನ್ನು ಮೇಲೆ ಕರೆದರು. ಹೋದೆ. ಐದು ನಿಮಿಷವೂ ಆಗಿರಲಿಕ್ಕಿಲ್ಲ.

ಕೆಳಗೆ ಬಂದಾಗ ಉಸ್ತಾದರು ಕೀಬೋರ್ಡ್ ಒತ್ತುತ್ತಿದ್ದರು. ಡಬ್ಬಿಯ ಹಿಂದೆ ಮಾವ ಮೊಬೈಲಿನ ಬೆಳಕು ಬಿಟ್ಟುಕೊಂಡು ಬಗ್ಗಿ ನಿಂತಿದ್ದರು.

"ಲೈಟ್ ಹತ್ತ್ಯದೇನ್ರಿ ಉಸ್ತಾದ್?"

ಉಸ್ತಾದರು ಮುಖ ಆ ಕಡೆ ತಿರುಗಿಸಿದರು. "ಹತ್ತ್ಯದ್ರಿ. ಸ್ವಲ್ಪ ತಡೀರಿ."

ಯಾವ ದೀಪವೂ ಹತ್ತಿರಲಿಲ್ಲ. ಮಾವ ನನ್ನ ಕಡೆ ನೋಡಿದರು. "ಹತ್ತ್ಯದೇನವ್ವಾ?"

"ಇಲ್ಲ ಮಾಮಾ" ಎಂದೆ. ಉಸ್ತಾದರು ಕಲಿಸಿದ ಹಾಗೆ, ಜೋರಾಗಿ.

ಮಾವ ಕೆಟ್ಟವರಲ್ಲ. ಆದರೂ ತಮ್ಮ ಕೈಯನ್ನು ಉಸ್ತಾದರ ಮುಖದ ಮುಂದೆ ಒಮ್ಮೆ ಆಡಿಸಿದರು. ಉಸ್ತಾದರ ರೆಪ್ಪೆ ಅಲುಗಲಿಲ್ಲ. "ನಡೀರಿ, ಬಸ್ ಸ್ಟ್ಯಾಂಡಿಗೆ ಬಿಡ್ತೀನಿ" ಎಂದರು ಮಾವ. ಉಸ್ತಾದರು ತಡಕಾಡಿ ಕರವಸ್ತ್ರ ಎತ್ತಿಕೊಂಡು, ನಾನು ಎಲ್ಲಿ ನಿಂತಿದ್ದೇನೆಂದು ತಿಳಿಯದೆ ಬಾಗಿಲಿನ ಕಡೆಗೇ ತಲೆಯಾಡಿಸಿ ಹೋದರು.

ಬೈಕಿನ ಸದ್ದು ಮರೆಯಾದ ಮೇಲೆ ಬಗ್ಗಿ ನೋಡಿದೆ. ವಯರು ಸುಟ್ಟ ತೂತಿನಲ್ಲಿತ್ತು. ಕಿತ್ತು ಕೆಳಗಿನದಕ್ಕೆ ಚುಚ್ಚಿದೆ. ಹಸಿರು ದೀಪ ಹತ್ತಿ ಮಿಣುಕತೊಡಗಿತು.

ಕುರುಡನ ಕೈಲಾಗದ್ದನ್ನು ನಮ್ಮ ಹುಡುಗಿ ನಿಮಿಷದಲ್ಲಿ ಮಾಡಿದಳು ಎಂದು ಮಾವ ಅಂದು ಸಂಜೆ ಬೀಜಕ್ಕೆ ಬಂದಿದ್ದ ಕುರ್ಡಿ ಊರಿನ ರೈತರಿಗೆ ಹೇಳಿದರು, ಮರುದಿನ ಬಂದವರಿಗೂ ಹೇಳಿದರು. ಕಾರ್ಡ್ ಕೂಡಿಸಿದ್ದು ಉಸ್ತಾದರೇ, ನಾನು ವಯರೊಂದನ್ನು ಬದಲಿಸಿದೆ ಅಷ್ಟೇ ಎನ್ನಬಹುದಿತ್ತು. ಅಲ್ಲೇ ನಿಂತಿದ್ದೆ, ಅನ್ನಲಿಲ್ಲ. ನಾನು ರಾಯಚೂರು ಮುಟ್ಟುವ ಮೊದಲೇ ಆ ಮಾತು ಮುಟ್ಟಿತ್ತು. ಜನ ಕೊಟ್ಟಿದ್ದ ಯಂತ್ರಗಳನ್ನು ಒಂದೊಂದಾಗಿ ವಾಪಸು ಒಯ್ದರು. ಎರಡು ತಿಂಗಳಲ್ಲಿ ಅಂಗಡಿಯ ಶಟರ್ ಇಳಿಯಿತು.

ವರ್ಷವಾದ ಮೇಲೆ ಅವರ ಮನೆಗೆ ಹೋದೆ. ಹೋಗಲು ಅಷ್ಟು ದಿನ ಹಿಡಿಯಿತು. ಅಂಗಳದ ಮಂಚದ ಮೇಲೆ ಕೂತಿದ್ದರು. ಉಗುರಿನಲ್ಲಿ ರಬ್ಬರಿನ ಪುಡಿ ಇರಲಿಲ್ಲ. ನನ್ನ ದನಿ ಹಿಡಿದು, ಅಮ್ಮ ಹೇಗಿದ್ದಾರೆ ಎಂದು ಕೇಳಿದರು. ಆಮೇಲೆ ಮಾನ್ವಿಯ ಕಂಪ್ಯೂಟರಿನ ಸುದ್ದಿ ಕೇಳಿದರು. ಕಾರ್ಡ್ ಕೂಡಿಸುವಾಗ ಕೈ ಎಲ್ಲಿ ತಪ್ಪಿತು ಎಂಬುದೇ ವರ್ಷದಿಂದ ತಲೆಯಲ್ಲಿದೆ ಎಂದರು.

ವಯರು ಸುಟ್ಟ ತೂತಿನಲ್ಲಿತ್ತು ಎಂದು ಹೇಳಿದೆ.

ಅವರು ಹೆಬ್ಬೆರಳಿನ ಉಗುರು ಸವರಿಕೊಂಡರು. "ಹಂಗಾರ ಕಾರ್ಡ್ ಚಲೋನಽ ಇತ್ತು."

"ಹೂಂರಿ."

"ಅವತ್ತಽ ಗೊತ್ತಾಗಿತ್ತೇನು ನಿನಗ?"

ಅಂಗಳದ ಆಚೆ ಯಾರೋ ಕೊಡಕ್ಕೆ ನೀರು ಹಿಡಿಯುತ್ತಿದ್ದರು. ಉಸ್ತಾದರು ಕಿವಿಯನ್ನು ನನ್ನ ಕಡೆ ತಂದರು.

"ಜೋರಾಗಿ ಹೇಳವ್ವಾ. ಕೇಳಸ್ಲಿಲ್ಲ."

ನಾನು ಏನೂ ಹೇಳಿರಲಿಲ್ಲ.

ಆ ಬೇಸಿಗೆಯಲ್ಲಿ ಅವರು ತೀರಿಕೊಂಡರು. ನನಗೆ ಗೊತ್ತಾಗುವಷ್ಟರಲ್ಲಿ ಮಣ್ಣು ಮುಗಿದಿತ್ತು. ಮಾನ್ವಿಯಲ್ಲಿ ಅವರು ಕೂಡಿಸಿದ ಕಾರ್ಡ್ ಈಗಲೂ ಒಂದು ದಿನವೂ ನಿಲ್ಲದೆ ನಡೆದಿದೆ. ಗಿರಾಕಿಗಳಿಗೆ ಮಾವ ಇನ್ನೂ ನನ್ನ ಹೆಸರೇ ಹೇಳುತ್ತಾರೆ. ವಯರು ಸುಟ್ಟ ತೂತಿನಲ್ಲಿತ್ತು ಅಷ್ಟೇ ಎಂದು ಮಾವನಿಗೆ ನಾನು ಇನ್ನೂ ಹೇಳಿಲ್ಲ.